ಸೋಮನಾಥಪುರ, ಶ್ರೀರಂಗಪಟ್ಟಣ, ಮೈಸೂರು ಅರಮನೆ: ಗೈಡ್ ಇಟ್ಟುಕೊಂಡು ಒಂದೇ ದಿನದಲ್ಲಿ ನೋಡೋದು ಹೇಗೆ?

ವಿಜಯನಗರ_ವಾಸಿ

ಎಲ್ಲರಿಗೂ ನಮಸ್ಕಾರ. ನಾವು ಆರು ಜನ. ಅಪ್ಪ, ಅಮ್ಮ ಇಬ್ಬರಿಗೂ ಎಪ್ಪತ್ತರ ಆಸುಪಾಸು, ಅಮ್ಮನಿಗೆ ಮಂಡಿನೋವು. ಮಕ್ಕಳಿಬ್ಬರೂ ಹೈಸ್ಕೂಲು. ಬೆಳಿಗ್ಗೆ ಬೆಂಗಳೂರು ಬಿಟ್ಟು ರಾತ್ರಿ ಮನೆ ಸೇರಬೇಕು, ಉಳಿದುಕೊಳ್ಳೋಕೆ ಆಗಲ್ಲ. ಹಳೇ ದೇವಸ್ಥಾನ ಎರಡಾದರೂ ನೋಡಬೇಕು, ಜೊತೆಗೆ ಮೈಸೂರು ಅರಮನೆ ಆಗಲೇಬೇಕು. ಫೋಟೋ ತೆಗೆದುಕೊಂಡು ವಾಪಸ್ ಬರೋದಲ್ಲ, ತಿಳಿದವರು ಯಾರಾದರೂ ನಿಂತು ವಿವರಿಸಬೇಕು, ಅದೂ ಕನ್ನಡದಲ್ಲಿ.

ಟೂರ್ ಬಸ್ಸಿಗೆ ಹೋಗೋದಾ, ಕಾರು ಮಾಡಿಕೊಂಡು ಅಲ್ಲಲ್ಲೇ ಗೈಡ್ ಹಿಡಿಯೋದಾ? ಯಾವುದು ಮೊದಲು, ಯಾವುದು ಆಮೇಲೆ? ಬೇಲೂರು–ಹಳೇಬೀಡಿಗೆ ಹೋಗೋಣ ಅಂತ ಅಪ್ಪ, ಸೋಮನಾಥಪುರ ಸಾಕು ಅಂತ ನಾನು.

ಬನ್ನೂರು_ರಸ್ತೆ

ಅರಮನೆ ಬೇಕೇ ಬೇಕು ಅಂದರೆ ಬೇಲೂರು–ಹಳೇಬೀಡು ಈ ಸಲ ಬಿಡಿ. ಬೇಲೂರಿಗೆ ಹೋಗೋಕೇ ಇನ್ನೂರು ಚಿಲ್ಲರೆ ಕಿಲೋಮೀಟರ್, ಮೈಸೂರು ಆ ದಾರಿಯಲ್ಲಿ ಸಿಗಲ್ಲ. ಸೋಮನಾಥಪುರ ಮೈಸೂರಿನಿಂದ ಸುಮಾರು 35 ಕಿ.ಮೀ. ಅಷ್ಟೇ. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೂರು ಹೊಯ್ಸಳ ದೇವಾಲಯಗಳಲ್ಲಿ ಅದೂ ಒಂದು. ಇನ್ನೊಂದು ಮಾತು ಅಪ್ಪನಿಗೆ ಹೇಳಿ: ಬೇಲೂರು, ಹಳೇಬೀಡು ಎರಡರಲ್ಲೂ ಈಗ ಮುಖ್ಯ ಶಿಖರ ಇಲ್ಲ. ಸೋಮನಾಥಪುರದಲ್ಲಿ ಮೂರಕ್ಕೆ ಮೂರೂ ಶಿಖರ ಉಳಿದಿವೆ. ಹೊಯ್ಸಳರ ದೇವಸ್ಥಾನ ಬುಡದಿಂದ ತುದಿವರೆಗೆ ಹೇಗಿರುತ್ತಿತ್ತು ಅಂತ ನೋಡೋಕೆ ಅದೇ ಸರಿಯಾದ ಜಾಗ.

ಇನ್ನು ಕ್ರಮ. ಅದು ನಮ್ಮಿಷ್ಟದ ಮೇಲೆ ನಡೆಯಲ್ಲ, ಬಾಗಿಲು ಹಾಕೋ ಹೊತ್ತಿನ ಮೇಲೆ ನಡೆಯುತ್ತೆ. ಶ್ರೀರಂಗಪಟ್ಟಣದ ರಂಗನಾಥಸ್ವಾಮಿ ದೇವಸ್ಥಾನ ಮಧ್ಯಾಹ್ನ ಒಂದರ ಹೊತ್ತಿಗೆ ಮುಚ್ಚಿದರೆ ಮತ್ತೆ ತೆರೆಯೋದು ನಾಲ್ಕರ ಮೇಲೆ. ಅರಮನೆ ಹತ್ತರಿಂದ ಸಂಜೆ ಐದೂವರೆ. ಸೋಮನಾಥಪುರ ಪುರಾತತ್ವ ಇಲಾಖೆಯದ್ದು, ಮಧ್ಯಾಹ್ನ ಮುಚ್ಚಲ್ಲ. ಮುಚ್ಚಲ್ಲ ಅನ್ನೋ ಧೈರ್ಯದಲ್ಲೇ ಬಹಳ ಜನ ಅದನ್ನ ಕೊನೆಗೆ ಇಟ್ಟುಕೊಂಡು ಸಂಜೆ ಐದಕ್ಕೆ ಹೋಗಿ ನಿಲ್ತಾರೆ. ಅಷ್ಟೊತ್ತಿಗೆ ಒಳಗಿನ ನವರಂಗದಲ್ಲಿ (ಗರ್ಭಗುಡಿ ಮುಂದಿನ ಕಂಬಗಳ ಮಂಟಪ) ಏನೂ ಕಾಣಲ್ಲ, ವಯಸ್ಸಾದವರು ಸುಸ್ತಾಗಿ ಕಾರಲ್ಲೇ ಕೂತಿರ್ತಾರೆ. ಹಾಗಾಗಿ ಸೋಮನಾಥಪುರ ಮೊದಲು, ರಂಗನಾಥ ಎರಡನೇದು, ಅರಮನೆ ಕೊನೆಗೆ.

ಐದೂ ಮುಕ್ಕಾಲಿಗೆ ಮನೆ ಬಿಡಿ. ಆರೂಕಾಲರೊಳಗೆ ಕೆಂಗೇರಿ ದಾಟಿದರೆ ಎಕ್ಸ್‌ಪ್ರೆಸ್‌ವೇ ಖಾಲಿ. ಮದ್ದೂರಿನ ಹತ್ತಿರ ಎಕ್ಸ್‌ಪ್ರೆಸ್‌ವೇ ಬಿಟ್ಟು ಸರ್ವಿಸ್ ರಸ್ತೆಗೆ ಇಳಿಯಬೇಕು, ಇದನ್ನ ಡ್ರೈವರ್‌ಗೆ ಮುಂಚೇನೇ ಹೇಳಿಡಿ. ಇಳಿಯೋದು ತಪ್ಪಿದರೆ ಬೈಪಾಸ್ ಮೇಲೇ ಊರು ದಾಟಿ ಮಂಡ್ಯದ ಕಡೆ ಹೋಗಿಬಿಡ್ತೀರಿ. ತಿಂಡಿ, ಶೌಚಾಲಯ ಎರಡೂ ಮದ್ದೂರಲ್ಲೇ ಮುಗಿಸಿ, ಸೋಮನಾಥಪುರ ಸಣ್ಣ ಊರು, ಊಟ–ತಿಂಡಿಗೆ ಅದನ್ನ ನಂಬಿಕೊಳ್ಳಬೇಡಿ. ಅಲ್ಲಿಂದ ಮಳವಳ್ಳಿ, ಕಿರುಗಾವಲು, ಬನ್ನೂರು, ಸೋಮನಾಥಪುರ. ಕಬ್ಬು ಕಟಾವಿನ ಕಾಲದಲ್ಲಿ ಈ ದಾರೀಲಿ ಕಬ್ಬಿನ ಟ್ರ್ಯಾಕ್ಟರ್, ಲಾರಿ ಜಾಸ್ತಿ, ಊರೂರಿಗೂ ಹಂಪ್ ಇರುತ್ತೆ. ದೂರ ನೋಡಿ ಒಂದು ಗಂಟೆ ಅಂದುಕೊಂಡರೂ ಒಂದೂಕಾಲು ಗಂಟೆ ಇಟ್ಟುಕೊಳ್ಳಿ.

ಒಂಬತ್ತೂವರೆಗೆ ಅಲ್ಲಿದ್ದರೆ ಹನ್ನೊಂದರವರೆಗೆ ಆರಾಮಾಗಿ ನೋಡಬಹುದು. ಬನ್ನೂರಿಗೆ ವಾಪಸ್ ಬಂದು ಶ್ರೀರಂಗಪಟ್ಟಣಕ್ಕೆ ಹೆಚ್ಚೂಕಮ್ಮಿ ಒಂದು ಗಂಟೆ, ಹನ್ನೆರಡಕ್ಕೆ ದರ್ಶನ. ಮೈಸೂರಲ್ಲಿ ಊಟ ಮುಗಿಸಿ ಎರಡೂವರೆಗೆ ಅರಮನೆ. ಸೋಮನಾಥಪುರ ಬಿಡೋದು ಹನ್ನೊಂದೂವರೆ ದಾಟಿತು ಅಂದರೆ ರಂಗನಾಥನನ್ನ ಬೆನ್ನಟ್ಟಬೇಡಿ. ನೇರ ಮೈಸೂರಿಗೆ ಹೋಗಿ ಅರಮನೆ ಮುಗಿಸಿ, ವಾಪಸ್ ಬರುವಾಗ ಸಂಜೆ ದರ್ಶನ ಮಾಡಿಕೊಳ್ಳಿ, ದಾರಿಯಲ್ಲೇ ಇದೆ.

ಶಿಲ್ಪ_ಶಾಸನ

ಮೇಲಿನವರು ಹೇಳಿದ ಕ್ರಮ ಸರಿಯಾಗಿದೆ. ನಾನು ಗೈಡ್ ವಿಚಾರ ಹೇಳುತ್ತೇನೆ, ಇಂಥ ದಿನ ಕೆಡುವುದು ಹೆಚ್ಚಾಗಿ ಅಲ್ಲೇ.

ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವವರನ್ನೇ ಕರೆದುಕೊಳ್ಳಿ. ಮಾತಾಡುವಾಗಲೇ ನಾಲ್ಕು ವಿಷಯ ಖಚಿತವಾಗಬೇಕು: ಹಣ ಇಡೀ ಗುಂಪಿಗೋ ತಲೆಗೋ, ಕನ್ನಡದಲ್ಲೇ ಹೇಳುತ್ತಾರೋ, ಕನಿಷ್ಠ ಒಂದು ಗಂಟೆ ಜೊತೆಗಿರುತ್ತಾರೋ, ಜಗತಿಯ (ದೇವಸ್ಥಾನ ನಿಂತಿರುವ ಎತ್ತರದ ಕಲ್ಲುಕಟ್ಟೆ) ಮೇಲೆ ಪೂರ್ತಿ ಒಂದು ಸುತ್ತು ಹಾಕಿಸುತ್ತಾರೋ. ಕೊನೆಯದು ಮುಖ್ಯ. ಅವಸರದಲ್ಲಿರುವವರು ಮುಂಭಾಗ ತೋರಿಸಿ, ಒಳಗೆ ಕರೆದುಕೊಂಡು ಹೋಗಿ ಹದಿನೈದು ನಿಮಿಷಕ್ಕೆ ಮುಗಿಸಿಬಿಡುತ್ತಾರೆ. ಆದರೆ ಆ ದೇವಸ್ಥಾನದ ಚೆಲುವೆಲ್ಲ ಇರುವುದು ಹಿಂಭಾಗದಲ್ಲಿ, ನಕ್ಷತ್ರದಾಕಾರದ ಮೂರು ಗರ್ಭಗುಡಿಗಳ ಹೊರಗೋಡೆಯ ಮೇಲೆ.

ಮಹಾದ್ವಾರದಲ್ಲಿರುವ ಎತ್ತರದ ಶಾಸನಕಲ್ಲನ್ನು ದಾಟಿಕೊಂಡು ಓಡಬೇಡಿ. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಇಲ್ಲಿ ಅಗ್ರಹಾರ ಕಟ್ಟಿಸಿ ಈ ಕೇಶವ ದೇವಾಲಯವನ್ನು ಪ್ರತಿಷ್ಠೆ ಮಾಡಿಸಿದ, 1258ರಲ್ಲಿ. ಊರಿನ ಹೆಸರು ಬಂದದ್ದೂ ಅವನಿಂದಲೇ. ಆಮೇಲೆ ಜಗತಿ ಹತ್ತಿ ಎಡಕ್ಕೆ ತಿರುಗಿ, ದೇವಸ್ಥಾನ ಬಲಗೈಗೆ ಇರಬೇಕು. ಗೋಡೆಯ ಪಟ್ಟಿಕೆಗಳನ್ನು ಕೆಳಗಿನಿಂದ ಮಕ್ಕಳಿಗೆ ತೋರಿಸಿ: ಆನೆ, ಕುದುರೆ ಸವಾರರು, ಬಳ್ಳಿ, ಅದರ ಮೇಲೆ ಪುರಾಣದ ಕಥೆ, ಆಮೇಲೆ ಮಕರ, ಹಂಸ. ಕಥೆಯ ಪಟ್ಟಿ ದಕ್ಷಿಣದಲ್ಲಿ ರಾಮಾಯಣ, ಹಿಂದೆ ಭಾಗವತ, ಉತ್ತರದಲ್ಲಿ ಮಹಾಭಾರತ. ಪ್ರದಕ್ಷಿಣೆ ಹಾಕಿದರೆ ಮೂರೂ ಸಾಲಾಗಿ ಬರುತ್ತವೆ. ಉಲ್ಟಾ ಸುತ್ತಿದರೆ ಕಥೆ ಹಿಂದುಮುಂದಾಗಿ ಮಕ್ಕಳಿಗೆ ಏನೂ ಹತ್ತುವುದಿಲ್ಲ.

ಗೈಡ್‌ಗೆ ವಿಷಯ ಗೊತ್ತೋ ಇಲ್ಲವೋ ತಿಳಿಯಲು ಒಂದೇ ಪ್ರಶ್ನೆ ಸಾಕು: “ಶಿಲ್ಪಿಗಳ ಹೆಸರು ತೋರಿಸಿ.” ದೊಡ್ಡ ವಿಗ್ರಹಗಳ ಪೀಠದ ಅಂಚಿನಲ್ಲಿ ಕೆತ್ತಿದವರ ಹೆಸರು ಕನ್ನಡದಲ್ಲೇ ಇದೆ. ಮಲ್ಲಿತಮ್ಮನದು ಎಲ್ಲಕ್ಕಿಂತ ಹೆಚ್ಚು ಕಡೆ ಸಿಗುತ್ತದೆ. ಕೆಲವೆಡೆ ಪೂರ್ತಿ ಹೆಸರು, ಕೆಲವೆಡೆ ‘ಮಲ್ಲಿ’, ಕೆಲವೆಡೆ ಬರೀ ‘ಮ’. ಬೆಳಗಿನ ಓರೆ ಬಿಸಿಲಿನಲ್ಲಿ ಅಕ್ಷರದ ಗೆರೆಗಳಿಗೆ ನೆರಳು ಬಿದ್ದು ಚೆನ್ನಾಗಿ ಕಾಣುತ್ತದೆ, ನಡುಮಧ್ಯಾಹ್ನ ಅದೇ ಕಲ್ಲು ಸಪಾಟಾಗಿ ಕಾಣುತ್ತದೆ. ಬೆಳಿಗ್ಗೆ ಹೋಗಿ ಎನ್ನಲು ಇದೂ ಒಂದು ಕಾರಣ. ಇಡೀ ದೇವಸ್ಥಾನವನ್ನು ಮಲ್ಲಿತಮ್ಮ ಒಬ್ಬನೇ ಕೆತ್ತಿದ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಚೌಡಯ್ಯ, ಬಾಲೆಯ, ಮಸಣಿತಮ್ಮ ಮುಂತಾದವರ ಹೆಸರುಗಳೂ ಅದೇ ಗೋಡೆಗಳ ಮೇಲಿವೆ.

ಒಳಗೆ ಕತ್ತಲು. ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಸುಮ್ಮನೆ ನಿಂತು ಆಮೇಲೆ ತಲೆಯೆತ್ತಿ ನೋಡಿ. ಹದಿನಾರು ಭುವನೇಶ್ವರಿಗಳು, ಅಂದರೆ ಕೆತ್ತನೆಯ ಒಳಚಾವಣಿಗಳು, ಒಂದರಂತೆ ಇನ್ನೊಂದಿಲ್ಲ. ಬಾಳೆ ಮೊಗ್ಗಿನ ಹಾಗೆ ಕೆಳಕ್ಕೆ ಇಳಿಬಿದ್ದಿರುವುದನ್ನು ಹುಡುಕಿ, ಸಣ್ಣ ಟಾರ್ಚ್ ಇದ್ದರೆ ಅದರ ಎಸಳುಗಳ ಪದರ ಕಾಣುತ್ತದೆ. ಕಂಬಗಳ ಮೈಮೇಲಿನ ನುಣುಪಾದ ಉಂಗುರಗಳನ್ನೂ ಗಮನಿಸಿ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಕಂಬವನ್ನು ತಿರುಗಿಸಿ ಕಡೆಯಲು, ಆಭರಣದ ಎಳೆ ಎಳೆ ಬಿಡಿಸಲು ಸಾಧ್ಯವಾದದ್ದು ಅದರಿಂದ. ದಯವಿಟ್ಟು ಯಾರೂ ಮುಟ್ಟಿ ನೋಡುವುದು ಬೇಡ, ಕೈಯ ಎಣ್ಣೆಯಂಶಕ್ಕೆ ಕಲ್ಲು ಕಪ್ಪಾಗುತ್ತದೆ.

ಹಿರಿಯರಿಗೆ ಮುಂಚೆಯೇ ಹೇಳಬೇಕಾದ ಮಾತು: ಇಲ್ಲಿ ನಿತ್ಯಪೂಜೆ ಇಲ್ಲ. ಉತ್ತರದ ಗುಡಿಯಲ್ಲಿ ಜನಾರ್ದನ, ದಕ್ಷಿಣದಲ್ಲಿ ವೇಣುಗೋಪಾಲ ಇದ್ದಾರೆ, ನಡುವಿನ ಕೇಶವನ ಮೂಲ ವಿಗ್ರಹ ಉಳಿದಿಲ್ಲ. ಹೂವು, ಹಣ್ಣುಕಾಯಿ ತಂದರೆ ಹಾಗೇ ವಾಪಸ್ ಒಯ್ಯಬೇಕಾಗುತ್ತದೆ, ಅದನ್ನು ರಂಗನಾಥನಿಗೆ ಇಟ್ಟುಕೊಳ್ಳಿ. ಅಮ್ಮನಿಗೆ ಸುತ್ತು ಕಷ್ಟವಾದರೆ ಪ್ರಾಕಾರದ ಕೈಸಾಲೆಯ (ಸುತ್ತುಗೋಡೆಗೆ ಹೊಂದಿಕೊಂಡ ಕಂಬಸಾಲಿನ ಮೊಗಸಾಲೆ) ನೆರಳಿನಲ್ಲಿ ಕೂರಬಹುದು, ಅಲ್ಲಿಂದ ಮೂರೂ ಶಿಖರ ಕಣ್ಣೆದುರಿಗೇ. ಎಲ್ಲರಿಗೂ ಒಂದೊಂದು ಜೊತೆ ದಪ್ಪ ಕಾಲುಚೀಲ ಇರಲಿ. ಬೇಸಿಗೆಯಲ್ಲಿ ಹತ್ತೂವರೆ ದಾಟಿದರೆ ಬರಿಗಾಲಲ್ಲಿ ಕಲ್ಲಿನ ಮೇಲೆ ನಿಲ್ಲಲಾಗುವುದಿಲ್ಲ.

ವಿಜಯನಗರ_ವಾಸಿ

ಇಷ್ಟು ವಿವರ ನಿರೀಕ್ಷೆ ಮಾಡಿರಲಿಲ್ಲ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಪ್ಪನೂ ಸೋಮನಾಥಪುರಕ್ಕೆ ಒಪ್ಪಿದರು. ಅರಮನೆಯಲ್ಲಿ ಅಮ್ಮನಿಗೆ ಎಷ್ಟು ನಡಿಗೆ ಆಗುತ್ತೆ? ಭಾನುವಾರ ಹೋದರೆ ದೀಪಾಲಂಕಾರವೂ ಸಿಗುತ್ತಲ್ಲ ಅಂತ ಮಕ್ಕಳು ಹಟ ಹಿಡಿದಿದ್ದಾರೆ.

ಅಗ್ರಹಾರ_ವೃತ್ತ

ದೀಪ ಹಚ್ಚೋದು ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ, ಸಂಜೆ ಏಳರ ಹೊತ್ತಿಗೆ. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೇ ಹತ್ತಿಕೊಳ್ಳೋದು ನೋಡೋಕೆ ಖಂಡಿತ ಚೆಂದ. ಆದರೆ ಐದಕ್ಕೆ ಅರಮನೆ ಮುಗಿಸಿದವರು ಏಳರವರೆಗೆ ಎಲ್ಲಾದರೂ ಕಾಯಬೇಕು, ಆಮೇಲೆ ಅಷ್ಟೂ ಗಾಡಿಗಳು ಒಟ್ಟಿಗೆ ಬೆಂಗಳೂರು ದಾರಿ ಹಿಡೀತವೆ. ಮನೆ ಸೇರುವಾಗ ಹನ್ನೊಂದೂವರೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಭಾನುವಾರ ಮಧ್ಯಾಹ್ನ ಅರಮನೆ ಒಳಗೆ ಜನಜಂಗುಳಿ, ಗೈಡ್ ಮಾತು ಕಿವಿಗೇ ಬೀಳಲ್ಲ. ವಿವರಣೆ ಕೇಳಬೇಕು ಅನ್ನೋರಿಗೆ ನನ್ನ ಸಲಹೆ ವಾರದ ದಿನ. ದಸರಾ ಸಮಯ ಬೇಡವೇ ಬೇಡ. ರತ್ನಖಚಿತ ಸಿಂಹಾಸನ ನೋಡೋಕೆ ಸಿಗೋದು ಆಗ ಮಾತ್ರ ಅನ್ನೋದು ನಿಜ, ಆದರೆ ಖಾಸಗಿ ದರ್ಬಾರಿನ ದಿನಗಳಲ್ಲಿ ಪ್ರವೇಶದ ಹೊತ್ತು ಬದಲಾಗುತ್ತೆ, ಒಂದೇ ದಿನಕ್ಕೆ ಬರೋರಿಗೆ ಲೆಕ್ಕ ತಪ್ಪುತ್ತೆ.

ಸಾರ್ವಜನಿಕರ ಪ್ರವೇಶ ದಕ್ಷಿಣದ ವರಾಹ ದ್ವಾರದಿಂದ. ಅಲ್ಲಿಂದ ಚಪ್ಪಲಿ ಬಿಡೋ ಜಾಗದವರೆಗೆ ಬಿಸಿಲಲ್ಲಿ ಒಳ್ಳೇ ನಡಿಗೆ ಇದೆ. ಅಮ್ಮನಿಗೆ ಗಾಲಿಕುರ್ಚಿ ಬೇಕಾದರೆ ಟಿಕೆಟ್ ತಗೊಳ್ಳುವಾಗಲೇ ಕೇಳಿ, ಒಳಗೆ ಹೋದ ಮೇಲೆ ಕೇಳಿದರೆ ಒಬ್ಬರು ಮತ್ತೆ ಇಷ್ಟು ದೂರ ವಾಪಸ್ ನಡೀಬೇಕು. ಒಳಗೆ ದಾರಿ ಏಕಮುಖ, ಕಟಕಟೆ ಹಾಕಿರ್ತಾರೆ. ಮುಂದೆ ಹೋದವರು ತಿರುಗಿ ಬರೋಕಾಗಲ್ಲ. ಹಾಗಾಗಿ ಗುಂಪು ಒಡೆಯದ ಹಾಗೆ ನೋಡಿಕೊಳ್ಳಿ, ಚಪ್ಪಲಿ ಟೋಕನ್ ಒಬ್ಬರ ಹತ್ತಿರವೇ ಇರಲಿ.

ಎಲ್ಲಿ ನಿಲ್ಲಬೇಕು ಅಂತ ಗೈಡ್ ಜೊತೆ ಮೊದಲೇ ಮಾತಾಡಿಕೊಳ್ಳಿ. ಗೊಂಬೆಗಳನ್ನ ಜೋಡಿಸಿಟ್ಟಿರೋ ಗೊಂಬೆ ತೊಟ್ಟಿಯಲ್ಲಿ ಐದು ನಿಮಿಷ ಸಾಕು. ಜಂಬೂಸವಾರಿಯ ಅಂಬಾರಿ ಮುಂದೆ ಹೇಗೂ ಎಲ್ಲರೂ ನಿಲ್ತಾರೆ. ಅದು ಸುಮಾರು 750 ಕೆ.ಜಿ., ಆದರೆ ಪೂರ್ತಿ ಚಿನ್ನ ಅಲ್ಲ, ಮರದ ಚೌಕಟ್ಟಿಗೆ ಚಿನ್ನದ ತಗಡು ಹೊದಿಸಿದ್ದು. ಇವೆರಡಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ್ದು ಕಲ್ಯಾಣ ಮಂಟಪಕ್ಕೆ. ಕಂಬಗಳ ಹತ್ತಿರ ಹೋಗಿ ನೋಡಿ, ಕಲ್ಲಲ್ಲ, ಮರವೂ ಅಲ್ಲ, ಎರಕದ ಕಬ್ಬಿಣ, ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ತರಿಸಿದ್ದು. ಯಾಕೆ ಅಂತ ಮಕ್ಕಳಿಗೆ ಹೇಳಿ: ಹಳೇ ಅರಮನೆ ಮರದ್ದು, 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಮಯದಲ್ಲಿ ಬೆಂಕಿ ಬಿದ್ದು ಸುಟ್ಟುಹೋಯ್ತು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದ ಕಾಲ ಅದು. ಹೊಸದನ್ನ ಬ್ರಿಟಿಷ್ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಕಲ್ಲು, ಇಟ್ಟಿಗೆ, ಕಬ್ಬಿಣದಲ್ಲಿ ವಿನ್ಯಾಸ ಮಾಡಿದ, 1912ಕ್ಕೆ ಮುಗೀತು. ತಲೆ ಮೇಲಿನ ನವಿಲಿನ ಬಣ್ಣದ ಗಾಜು, ಕಾಲ ಕೆಳಗಿನ ನವಿಲಿನ ಹೆಂಚು, ಗೋಡೆ ಸುತ್ತ ದಸರಾ ಮೆರವಣಿಗೆಯ ಚಿತ್ರಗಳು. ಇಲ್ಲಿ ಜನರ ಸಾಲಿನಲ್ಲಿ ಸಾಗದೆ ಪಕ್ಕಕ್ಕೆ ಸರಿದು ಹತ್ತು ನಿಮಿಷ ಕಳೆದರೂ ನಷ್ಟವಿಲ್ಲ.

ಆಮೇಲೆ ಮೆಟ್ಟಿಲು ಹತ್ತಿ ದರ್ಬಾರ್ ಹಾಲ್, ಅಂಬಾವಿಲಾಸ. ಅಮ್ಮ ಗೋಡೆ ಪಕ್ಕದ ಕಂಬಿ ಹಿಡಿದು ನಿಧಾನಕ್ಕೆ ಬರಲಿ, ಹಿಂದಿನಿಂದ ಬರೋರು ತಾವೇ ಪಕ್ಕದಿಂದ ಹೋಗ್ತಾರೆ. ಒಟ್ಟು ಎರಡು ಗಂಟೆ ಇಟ್ಟುಕೊಳ್ಳಿ. ಹೊರಗೆ ಬಂದ ಮೇಲೆ ಇನ್ನೂ ಶಕ್ತಿ ಇದ್ದರೆ, ಬಾಗಿಲೂ ತೆಗೆದಿದ್ದರೆ, ದಕ್ಷಿಣ ದ್ವಾರದ ಪಕ್ಕದ ಶ್ವೇತವರಾಹಸ್ವಾಮಿ ದೇವಸ್ಥಾನಕ್ಕೆ ಹೋಗಿ. ಹೊಯ್ಸಳ ಕೆತ್ತನೆಯ ಕಂಬಗಳು ಅಲ್ಲೂ ಇವೆ. ಬೆಳಿಗ್ಗೆ ಸೋಮನಾಥಪುರ ನೋಡಿ ಬಂದ ಮಕ್ಕಳು ಯಾರೂ ಹೇಳದೇ ಗುರುತು ಹಿಡೀತಾರೆ.

ಕೆಂಗೇರಿ_ಪ್ಯಾಸೆಂಜರ್

ಗಾಡಿ ವಿಷಯ ಯಾರೂ ಹೇಳಿಲ್ಲ. ಮೈಸೂರಿಗೆ ಒಂದು ದಿನದ ಟೂರ್ ಬಸ್ಸು ಸರ್ಕಾರಿ, ಖಾಸಗಿ ಎರಡೂ ಇವೆ. ಒಬ್ಬರು, ಇಬ್ಬರು ಹೋಗೋದಾದರೆ ಅದೇ ಅಗ್ಗ, ಊರು ಪರಿಚಯಕ್ಕೂ ಸಾಕು. ಆದರೆ ಹೆಚ್ಚಿನವು ಶ್ರೀರಂಗಪಟ್ಟಣ, ಚಾಮುಂಡಿ ಬೆಟ್ಟ, ಅರಮನೆ, ಬೃಂದಾವನ ಅಂತ ಪಟ್ಟಿ ತುಂಬಿರುತ್ತವೆ, ಸೋಮನಾಥಪುರ ಅಪರೂಪ. ಬುಕ್ ಮಾಡೋ ಮುಂಚೆ ಎರಡು ಪ್ರಶ್ನೆ ಕೇಳಿ: ಯಾವ ಜಾಗಕ್ಕೆ ಎಷ್ಟು ನಿಮಿಷ, ರೇಷ್ಮೆ ಸೀರೆ–ಗಂಧದ ಅಂಗಡಿಗೆ ನಿಲ್ಲಿಸ್ತಾರಾ. ಅಂಗಡಿಯಲ್ಲಿ ಹೋಗೋ ಮುಕ್ಕಾಲು ಗಂಟೆ ದೇವಸ್ಥಾನದ ಲೆಕ್ಕದಿಂದಲೇ ಕಡಿತ ಆಗುತ್ತೆ.

ಆರು ಜನಕ್ಕೆ ಏಳು ಸೀಟಿನ ಕಾರೇ ಸರಿ. ಹಿಂದಿನ ಸಾಲಿಗೆ ಮಕ್ಕಳು, ಮಂಡಿನೋವಿರೋರು ಮುಂದೆ. ಮದ್ದೂರು–ಬನ್ನೂರು ದಾರೀಲಿ ಹೋಗಿ ಎಕ್ಸ್‌ಪ್ರೆಸ್‌ವೇಲಿ ವಾಪಸ್ ಬಂದರೆ 330 ಕಿ.ಮೀ. ಹತ್ತಿರ ಆಗುತ್ತೆ. ದಿನಕ್ಕೆ ಕನಿಷ್ಠ 300 ಅಂತ ಮಾತಾಡೋ ಗಾಡಿಗೆ ಮೇಲಿನ ಕಿಲೋಮೀಟರ್ ದರ, ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್ ಯಾರದ್ದು, ರಾತ್ರಿ ಎಷ್ಟು ಗಂಟೆ ಮೇಲೆ ನೈಟ್ ಚಾರ್ಜ್ ಅನ್ನೋದೆಲ್ಲ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಕಿಲೋಮೀಟರ್ ಎಣಿಕೆ ಶುರುವಾಗೋದು ನಿಮ್ಮ ಮನೆಯಿಂದಲೋ ಗಾಡಿ ಬಿಡೋ ಶೆಡ್ಡಿನಿಂದಲೋ ಅಂತಲೂ ಕೇಳಿ, ಜಗಳ ಬರೋದೇ ಅಲ್ಲಿ.

ರೈಲೂ ಯೋಚಿಸಿ. ಕೆಂಗೇರಿಯಲ್ಲಿ ನಿಲ್ಲೋ ಗಾಡಿಗಳಿವೆ, ಮೈಸೂರಿಗೆ ಎರಡು–ಎರಡೂವರೆ ಗಂಟೆ, ಅಮ್ಮ ಕಾಲು ಚಾಚಿಕೊಂಡು ಓಡಾಡಿಕೊಂಡು ಬರಬಹುದು. ಮೈಸೂರಲ್ಲಿ ಟ್ಯಾಕ್ಸಿ ಹಿಡಿಯುವಾಗ 8 ಗಂಟೆ–80 ಕಿ.ಮೀ. ಪ್ಯಾಕೇಜ್ ತಗೋಬೇಡಿ. ಸೋಮನಾಥಪುರ ಹೋಗಿ ಬರೋಕೇ 70 ಮುಗಿಯುತ್ತೆ, ಶ್ರೀರಂಗಪಟ್ಟಣ ಸೇರಿದರೆ ನೂರು ದಾಟುತ್ತೆ. ರೈಲಲ್ಲಿ ಬಂದರೆ ಬೆಳಿಗ್ಗೆ ಒಂಬತ್ತರ ಮೇಲೇ ಮೈಸೂರು ಬಿಡೋದು, ಆಗ ರಂಗನಾಥನ ದರ್ಶನ ಸಂಜೆಗೆ ಹೋಗುತ್ತೆ. ವಾಪಸ್ ರೈಲಿನ ಟಿಕೆಟ್ ಏಳೂವರೆ ಮೇಲಿನದ್ದು ನೋಡಿ ಮಾಡಿಸಿ.

ಬನ್ನೂರು_ರಸ್ತೆ

ಕಾರಲ್ಲಿ ಹೋಗೋದಾದರೆ ಇನ್ನೊಂದು ಮಾತು. ಐದೂ ಮುಕ್ಕಾಲಿಗೆ ನಿಮ್ಮ ಮನೆ ಮುಂದೆ ಇರೋ ಡ್ರೈವರ್ ನಾಲ್ಕೂವರೆಗೇ ಎದ್ದಿರ್ತಾರೆ. ನೀವು ಅರಮನೆ ಒಳಗಿರೋ ಎರಡು ಗಂಟೆ ಅವರು ಮಲಗಲಿ, ಆಗ ಫೋನ್ ಮಾಡಿ ಎಬ್ಬಿಸಬೇಡಿ. ಸಂಜೆ ಹೊರಟ ಮೇಲೆ ಮಂಡ್ಯದ ಹತ್ತಿರ ಸರ್ವಿಸ್ ರಸ್ತೆಗೆ ಇಳಿದು ಎಲ್ಲರೂ ಹದಿನೈದು ನಿಮಿಷ ಕಾಫಿಗೆ ನಿಲ್ಲಿ. ಆ ರಸ್ತೆ ನೇರ ಇರೋದರಿಂದ ಊಟ ಆದ ಮೇಲೆ ಕಣ್ಣು ಎಳೆಯುತ್ತೆ, ಹಾಗಾಗಿ ರಾತ್ರಿ ಊಟ ಬೆಂಗಳೂರಿಗೇ ಇಟ್ಟುಕೊಳ್ಳಿ.