ಐಸ್‌ಕ್ರೀಮ್ ಅಂಗಡಿಯ ಡೀಪ್ ಫ್ರೀಜರ್‌ನಲ್ಲಿ ಹಾಲು ಇಡಬಹುದೇ?

ಪ್ರಶ್ನೆ: ಕೊಟ್ಟಿಗೆಮನೆ, ಸಿದ್ದಾಪುರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಸಿದ್ದಾಪುರ ಪೇಟೆಯಿಂದ ಬಹಳ ಒಳಗೆ, ಘಟ್ಟದ ಅಂಚಿನಲ್ಲಿದೆ. ಎರಡು ಹಸುಗಳು ಕರಾವಿನಲ್ಲಿವೆ. ಬೆಳಗಿನ ಹಾಲು ಡೇರಿಗೆ ಹೋಗುತ್ತದೆ. ನನ್ನ ಚಿಂತೆಯೆಲ್ಲ ಸಂಜೆಯ ಐದು ಲೀಟರ್ ಹಾಲಿನದು. ಅದನ್ನು ಪೇಟೆಯ ಎರಡು ಮನೆಗಳಿಗೂ ಒಂದು ಹೋಟೆಲಿಗೂ ಮರುದಿನ ಬೆಳಿಗ್ಗೆ ಏಳರ ಬಸ್ಸಿಗೆ ಕಳಿಸುತ್ತೇನೆ. ಕಾಯಿಸಿಟ್ಟರೆ ಕೆಡುವುದಿಲ್ಲ, ಆದರೆ ಹೋಟೆಲಿನವರಿಗೆ ಹಸಿ ಹಾಲೇ ಬೇಕು. ರಾತ್ರಿಯಿಡೀ ತಂಪಾಗಿ ಇರಲೇಬೇಕು.

ನಮ್ಮ ಹಳೆಯ ಫ್ರಿಜ್ ಕಳೆದ ಮಳೆಗಾಲದಲ್ಲಿ ತುಕ್ಕು ಹಿಡಿದು, ಗ್ಯಾಸ್ ಸೋರಿ ಹೋಯಿತು. ಈ ವರ್ಷ ತಮ್ಮ ಸಾಗರದಲ್ಲಿ ಮುಚ್ಚಿದ ಐಸ್‌ಕ್ರೀಮ್ ಅಂಗಡಿಯೊಂದರಿಂದ ಡೀಪ್ ಫ್ರೀಜರ್ ತಂದುಕೊಟ್ಟಿದ್ದಾನೆ. ಪೆಟ್ಟಿಗೆಯಂತೆ ಮೇಲಿನಿಂದ ತೆರೆಯುವಂಥದ್ದು, ಸುಮಾರು 200 ಲೀಟರ್. ಮುಚ್ಚಳ ಗಾಜಿನದಲ್ಲ, ದಪ್ಪನೆಯ ಗಟ್ಟಿ ಮುಚ್ಚಳ. ಹಿಂಬದಿಯ ತಗಡಿನಲ್ಲಿ ಒಳಗಿನ ಗ್ಯಾಸಿನ ಹೆಸರು ಆರ್134ಎ ಎಂದು ಬರೆದಿದೆ. ಗುಂಡಿಯನ್ನು ಅತಿ ಕಡಿಮೆಗೆ ತಿರುಗಿಸಿಟ್ಟರೂ ಒಂದೇ ರಾತ್ರಿಯಲ್ಲಿ ನೀರಿನ ಬಾಟಲಿ ಕಲ್ಲಾಯಿತು. ಹಾಲನ್ನು ಇಡುವ ಧೈರ್ಯ ಬರಲಿಲ್ಲ.

ಇನ್ನೊಂದು ತೊಂದರೆ ಕರೆಂಟಿನದು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಮೂರು ದಿನ, ನಾಲ್ಕು ದಿನ ಬರುವುದಿಲ್ಲ. ಮನೆಯಲ್ಲಿ 330 ವ್ಯಾಟ್‌ನ ಎರಡು ಸೋಲಾರ್ ಪ್ಯಾನೆಲ್, 150 ಎಎಚ್‌ನ ಎರಡು ಬ್ಯಾಟರಿ, ಒಂದು ಸೈನ್‌ವೇವ್ ಇನ್ವರ್ಟರ್ ಇವೆ. ಆಷಾಢದ ಮೋಡದಲ್ಲಿ ದಿನಕ್ಕೆ ಒಂದು ಯೂನಿಟ್ ಬಂದರೆ ಹೆಚ್ಚು. ಪ್ಲಗ್ಗಿಗೆ ಹಾಕುವ ಸಣ್ಣ ಮೀಟರ್ ಇಟ್ಟು ನೋಡಿದೆ. ಈ ಫ್ರೀಜರ್ ಖಾಲಿ ಇರುವಾಗಲೇ ದಿನಕ್ಕೆ 1.6 ಯೂನಿಟ್ ತಿನ್ನುತ್ತಿದೆ.

ಹೊರಗಿನಿಂದ ಬೇರೆ ಥರ್ಮೋಸ್ಟಾಟ್ (ಬೇಕಾದಷ್ಟು ತಂಪಾದಾಗ ಕರೆಂಟ್ ನಿಲ್ಲಿಸುವ ಸಾಧನ) ಜೋಡಿಸಿದರೆ ಇದೇ ಪೆಟ್ಟಿಗೆ ಫ್ರಿಜ್ ಆಗುತ್ತದೆ, ಕರೆಂಟೂ ಉಳಿಯುತ್ತದೆ ಎಂದು ಕೇಳಿದ್ದೇನೆ. ನಿಜವೇ? ಕಂಪ್ರೆಸರ್ ಹಾಳಾಗುವುದಿಲ್ಲವೇ? ಸೆನ್ಸರ್‌ನ ತಂತಿಯನ್ನು ಒಳಗೆ ಬಿಡಲು ಗೋಡೆಗೆ ತೂತು ಕೊರೆಯಬೇಕೇ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ: ತಂಪು ಕೆಲಸ, ಕುಂದಾಪುರ

ಅಕ್ಕಾ, ಮೊದಲನೆಯ ಮಾತು: ಗೋಡೆಗೆ ತೂತು ಕೊರೆಯಬೇಡಿ. ಈ ಪೆಟ್ಟಿಗೆಗಳಲ್ಲಿ ಗ್ಯಾಸ್ ಓಡುವ ಕೊಳವೆ ಒಳಗೋಡೆಯ ಹಿಂದೆ ಸುತ್ತಿಕೊಂಡಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಡ್ರಿಲ್ ಮೊನೆ ತಾಗಿದರೆ ಪೆಟ್ಟಿಗೆಯ ಕಥೆ ಅಲ್ಲಿಗೇ ಮುಗಿಯಿತು. ನಿಮ್ಮದು ಆರ್134ಎ, ಅದು ಹೊತ್ತಿಕೊಳ್ಳುವುದಿಲ್ಲ. ಹೊಸ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಆರ್600ಎ ಇರುತ್ತದೆ. ಅದು ಬೆಂಕಿ ಹಿಡಿಯುವ ಗ್ಯಾಸ್. ಇದನ್ನು ಓದುವ ಬೇರೆಯವರು ತಗಡು ನೋಡದೆ ಕೈ ಹಾಕಬಾರದು. ಸೆನ್ಸರ್‌ನ ತಂತಿ ತೆಳ್ಳಗಿರುತ್ತದೆ. ಮುಚ್ಚಳದ ರಬ್ಬರ್ ಪಟ್ಟಿಯ ಕೆಳಗಿನಿಂದ, ತಿರುಗಣಿ ಇರುವ ಹಿಂಬದಿಯಲ್ಲಿ ಒಳಗೆ ಬಿಟ್ಟರೆ ಸಾಕು.

ಇಪ್ಪತ್ತೆರಡು ವರ್ಷಗಳಿಂದ ಫ್ರಿಜ್ ರಿಪೇರಿ ಮಾಡುತ್ತಿದ್ದೇನೆ. ಮೀನಿನವರಿಗೆ, ಹೂವಿನವರಿಗೆ ಇಂಥ ಏಳೆಂಟು ಪೆಟ್ಟಿಗೆಗಳನ್ನು ಬದಲಿಸಿಕೊಟ್ಟಿದ್ದೇನೆ. ಒಳಗಿನ ಥರ್ಮೋಸ್ಟಾಟನ್ನೇ ತೆಗೆದು ಫ್ರಿಜ್‌ನದನ್ನು ಹಾಕುವವರೂ ಇದ್ದಾರೆ. ಅದು ಗೋಡೆಯ ತಂಪನ್ನು ಅಳೆಯುತ್ತದೆ, ಹಾಲಿನದನ್ನಲ್ಲ. ಹಾಗಾಗಿ ನನಗೆ ಹೊರಗಿನದೇ ಇಷ್ಟ.

ಎಸ್‌ಟಿಸಿ-1000 ಎಂಬ ಡಿಜಿಟಲ್ ಕಂಟ್ರೋಲರ್ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ. 220 ವೋಲ್ಟ್‌ನದ್ದನ್ನೇ ಕೇಳಿ ತೆಗೆದುಕೊಳ್ಳಿ, 12 ವೋಲ್ಟ್‌ನದೂ ಇದೆ. ಹಿಂಬದಿಯಲ್ಲಿ ಎಂಟು ತಿರುಪುಗಳಿರುತ್ತವೆ. 1 ಮತ್ತು 2 ಕರೆಂಟಿಗೆ, 3 ಮತ್ತು 4 ಸೆನ್ಸರ್‌ಗೆ, 5 ಮತ್ತು 6 ಬಿಸಿ ಮಾಡುವುದಕ್ಕೆ, 7 ಮತ್ತು 8 ತಂಪು ಮಾಡುವುದಕ್ಕೆ. ನಿಮಗೆ 5, 6 ಬೇಡ. ಫೇಸ್ ತಂತಿ 1ಕ್ಕೆ ಬರಲಿ. ಅಲ್ಲಿಂದ ಒಂದು ತುಂಡು ತಂತಿ 7ಕ್ಕೆ ಹೋಗಲಿ. 8ರಿಂದ ಫ್ರೀಜರ್‌ಗೆಂದು ಕೂರಿಸುವ ಸಾಕೆಟ್ಟಿನ ಫೇಸ್‌ಗೆ. ನ್ಯೂಟ್ರಲ್ 2ಕ್ಕೂ ಸಾಕೆಟ್ಟಿಗೂ ಹೋಗಬೇಕು. ಅರ್ತ್ ತಂತಿ ಕಂಟ್ರೋಲರ್‌ಗೆ ಬರುವುದಿಲ್ಲ, ಪ್ಲಗ್ಗಿನಿಂದ ನೇರವಾಗಿ ಸಾಕೆಟ್ಟಿಗೆ. ಇದನ್ನು ಮಾತ್ರ ಬಿಡಬೇಡಿ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ತಗಡಿನ ಪೆಟ್ಟಿಗೆ ಮುಟ್ಟುವವರು ನೀವು. ಎಲ್ಲವನ್ನೂ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕೂರಿಸಿ, ನೆಲದಿಂದ ಮೇಲೆ ಗೋಡೆಗೆ ಹೊಡೆಯಿರಿ. ಕೈ ನಡುಗಿದರೆ ಊರಿನ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಫ್ರೀಜರ್‌ನ ಪ್ಲಗ್ಗನ್ನು ಆ ಸಾಕೆಟ್ಟಿಗೆ ಹಾಕಿದರೆ ಆಯಿತು. ಫ್ರೀಜರ್‌ನ ಸ್ವಂತ ಗುಂಡಿಯನ್ನು ಅತಿ ತಂಪಿನ ಕಡೆಗೆ ತಿರುಗಿಸಿ ಬಿಡಿ. ಇಲ್ಲದಿದ್ದರೆ ಅದೇ ಮೊದಲು ಆಫ್ ಮಾಡಿಬಿಡುತ್ತದೆ.

ಕಂಟ್ರೋಲರ್‌ನಲ್ಲಿ ಎಫ್1 ಎಂದರೆ ಬೇಕಾದ ಉಷ್ಣತೆ. ಎಫ್2 ಅಂತರ. ಎಫ್3 ಕಂಪ್ರೆಸರ್ ಮತ್ತೆ ಶುರುವಾಗುವ ಮುನ್ನ ಕಾಯುವ ನಿಮಿಷ. ಎಫ್4 ಸೆನ್ಸರ್‌ನ ತಪ್ಪನ್ನು ತಿದ್ದುವುದು. ಎಫ್1ಕ್ಕೆ 3, ಎಫ್2ಕ್ಕೆ 2, ಎಫ್3ಕ್ಕೆ 5 ಕೊಡಿ. ಆಗ 5 ಡಿಗ್ರಿಗೆ ಶುರುವಾಗಿ 3ಕ್ಕೆ ನಿಲ್ಲುತ್ತದೆ. ನಿಂತ ಮೇಲೂ ಗೋಡೆಯಲ್ಲಿ ಉಳಿದ ತಂಪಿನಿಂದ ಇನ್ನೂ ಒಂದು ಡಿಗ್ರಿ ಇಳಿಯಬಹುದು, ಗಾಬರಿ ಬೇಡ. ಜಜ್ಜಿದ ಐಸ್ ಬೆರೆಸಿದ ನೀರಿನಲ್ಲಿ ಸೆನ್ಸರ್ ಅದ್ದಿ ನೋಡಿ. ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಎಫ್4ರಲ್ಲಿ ಸರಿಪಡಿಸಿ.

ಕಂಪ್ರೆಸರ್ ಹಾಳಾಗುವುದು ಪದೇ ಪದೇ ಆನ್ ಆಫ್ ಆದರೆ. ನಿಂತ ತಕ್ಷಣ ಒಳಗೆ ಒಂದು ಬದಿ ಒತ್ತಡ ಹೆಚ್ಚು, ಇನ್ನೊಂದು ಬದಿ ಕಡಿಮೆ ಇರುತ್ತದೆ. ಅದು ಸಮ ಆಗುವ ಮೊದಲೇ ಎಬ್ಬಿಸಿದರೆ ಮೋಟಾರ್ ತಿಣುಕಾಡುತ್ತದೆ. ಆ ಐದು ನಿಮಿಷ ಅದಕ್ಕಾಗಿ. ಸೆನ್ಸರ್ ಗಾಳಿಯಲ್ಲಿ ತೂಗಾಡಿದರೆ ಮುಚ್ಚಳ ತೆಗೆದಾಗಲೆಲ್ಲ ಬೇಗ ಬಿಸಿಯೇರುತ್ತದೆ. ಒಂದು ಸಣ್ಣ ಬಾಟಲಿ ನೀರಿನಲ್ಲಿ ಅದನ್ನು ಇಳಿಬಿಟ್ಟು, ಪೆಟ್ಟಿಗೆಯ ನಡುವೆ, ಗೋಡೆಗೆ ತಾಗದಂತೆ ಇಡಿ. ಹಾಲಿನ ಪಾತ್ರೆಯೂ ಅಷ್ಟೇ, ಗೋಡೆಗೆ ಮೂರು ಬೆರಳು ದೂರ ಇರಲಿ. ತಾಗಿದ ಕಡೆ ಹಾಲು ಗಟ್ಟಿಯಾಗುತ್ತದೆ.

ಇನ್ನೊಂದು. ಅಂಗಡಿಯಿಂದ ಬಂದ ಪೆಟ್ಟಿಗೆಗೆ ಬೀಗ ಇರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಅದನ್ನು ಇವತ್ತೇ ಬಿಚ್ಚಿ ಎಸೆಯಿರಿ. ಒಳಗೆ ಇಳಿದ ಮಗುವಿಗೆ ಉಸಿರಾಡಲು ಗಾಳಿ ಇರುವುದಿಲ್ಲ.

ಉತ್ತರ: ಏಲಕ್ಕಿತೋಟ, ಮಡಿಕೇರಿ ಹತ್ತಿರ

ಕುಂದಾಪುರದ ಅಣ್ಣ ಹೇಳಿದ ಜೋಡಣೆ ಸರಿಯಾಗಿದೆ. ಅದು ಒಂದು ಮಧ್ಯಾಹ್ನದ ಕೆಲಸ. ಮೂರು ವರ್ಷ ನಾನು ಹೆಣಗಿದ್ದು ನೀರಿನ ಜೊತೆ. ಮಳೆಗಾಲದ ನಾಡಿನಲ್ಲಿ ಇರುವ ನಿಮಗೂ ಅದೇ ಬರುತ್ತದೆ, ಆದ್ದರಿಂದ ಮೊದಲೇ ಹೇಳುತ್ತೇನೆ.

ಫ್ರೀಜರ್ ಆಗಿದ್ದಾಗ ಒಳಗಿನ ತೇವವೆಲ್ಲ ಗೋಡೆಗೆ ಹಿಮವಾಗಿ ಅಂಟಿರುತ್ತದೆ. 4 ಡಿಗ್ರಿಗೆ ತಂದರೆ ಕಂಪ್ರೆಸರ್ ಓಡುವಾಗ ಗೋಡೆಯ ಮೇಲೆ ತೆಳು ಹಿಮ, ನಿಂತಾಗ ಅದು ಕರಗಿ ತಳಕ್ಕೆ. ಮಾಮೂಲಿ ಫ್ರಿಜ್‌ನಲ್ಲಿ ಈ ನೀರು ಒಂದು ಕಿಂಡಿಯಿಂದ ಹಿಂಬದಿಯ ತಟ್ಟೆಗೆ ಇಳಿದು ಕಂಪ್ರೆಸರ್‌ನ ಬಿಸಿಗೆ ಆರಿಹೋಗುತ್ತದೆ. ಪೆಟ್ಟಿಗೆಗೆ ಆ ದಾರಿ ಇಲ್ಲ. ಮೊದಲ ಜುಲೈಯಲ್ಲಿ ನಾನು ಹತ್ತು ದಿನ ತಳ ನೋಡಲಿಲ್ಲ. ಹಾಗಲಕಾಯಿ, ಬೀನ್ಸ್ ಎಲ್ಲ ನೀರಿನಲ್ಲಿ ನಿಂತು, ಬಿಳಿ ಬೂಷ್ಟು ಹಿಡಿದು, ಮುಚ್ಚಳ ತೆಗೆದರೆ ಕೊಳೆತ ವಾಸನೆ. ಅಡಿಗೆ ಸೋಡಾ ಹಾಕಿ ಎರಡು ಸಲ ತೊಳೆಯಬೇಕಾಯಿತು.

ಈಗ ಮಾಡುವುದು ಹೀಗೆ. ತಳದಲ್ಲಿ ಹಳೆಯ ಹತ್ತಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹಾಸುತ್ತೇನೆ. ಅದರ ಮೇಲೆ ತರಕಾರಿ ಮಂಡಿಯ ಪ್ಲಾಸ್ಟಿಕ್ ಕ್ರೇಟನ್ನು ಮಗುಚಿ ಇಟ್ಟು, ಸಾಮಾನು ಅದರ ಮೇಲೆ. ನಾಲ್ಕು ದಿನಕ್ಕೊಮ್ಮೆ ಪಂಚೆ ಹಿಂಡಿ, ಒಲೆಯ ಪಕ್ಕ ಒಣಗಿಸಿ, ಬೇರೆಯದನ್ನು ಹಾಸುತ್ತೇನೆ. ಒಳ್ಳೆಯ ಮಳೆಯಲ್ಲಿ ಒಂದೊಂದು ಸಲ ಒಂದು ಲೋಟ ನೀರು ಬರುತ್ತದೆ. ತಳದಲ್ಲಿ ನೀರು ಬಿಡುವ ಬಿರಡೆ ಇದೆಯೇ ನೋಡಿ. ಇದ್ದರೆ ತೊಳೆಯುವಾಗ ಉಪಕಾರ. ಅಂಗಡಿಯಲ್ಲಿ ಸಿಗುವ ತೇವ ಹೀರುವ ಡಬ್ಬಿಗಳನ್ನೂ ಇಟ್ಟು ನೋಡಿದೆ. ನಮ್ಮ ಮಳೆಗೆ ವಾರದಲ್ಲಿ ತುಂಬಿಹೋಗುತ್ತವೆ, ದುಡ್ಡು ದಂಡ.

ಮೇಲಿನ ತೂಗುಬುಟ್ಟಿಗೂ ತಳಕ್ಕೂ ನನ್ನ ಪೆಟ್ಟಿಗೆಯಲ್ಲಿ 3 ಡಿಗ್ರಿ ವ್ಯತ್ಯಾಸವಿದೆ. ತಂಪು ಗಾಳಿ ಭಾರ, ಕೆಳಗೇ ಕೂರುತ್ತದೆ. ಮುಚ್ಚಳ ತೆಗೆದರೂ ನೀರಿನ ಹಾಗೆ ತೊಟ್ಟಿಯಲ್ಲೇ ನಿಲ್ಲುವುದು ಅದೇ ಕಾರಣಕ್ಕೆ. ಹಾಲು ತಳಕ್ಕೆ, ದೋಸೆ ಹಿಟ್ಟು ಮತ್ತು ಬೆಣ್ಣೆ ನಡುವಿಗೆ, ಸೊಪ್ಪು ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ. ಬಗ್ಗಿ ತೆಗೆಯುವುದು ನಮ್ಮ ಅತ್ತೆಗೆ ಆಗುವುದಿಲ್ಲ, ಅವರಿಗೆ ಬೇಕಾದದ್ದನ್ನು ಬುಟ್ಟಿಯಲ್ಲೇ ಇಡುತ್ತೇನೆ. ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನೂ ಯೋಚಿಸಿ.

ಉತ್ತರ: ಲೆಕ್ಕದ ಮನುಷ್ಯ, ಮೈಸೂರು

ನನ್ನದು ಬೇರೆ ಅಭಿಪ್ರಾಯ. ಈಗಾಗಲೇ ಪೆಟ್ಟಿಗೆ ಮನೆಗೆ ಬಂದಿದೆ, ಆದ್ದರಿಂದ ಮಾಡಿ. ಆದರೆ ಇದಕ್ಕಾಗಿ ಹೊಸ ಫ್ರೀಜರ್ ಕೊಳ್ಳಲು ಯಾರೂ ಹೋಗಬೇಡಿ. ಹೊಸ ಸಣ್ಣ ಫ್ರಿಜ್‌ಗಳ ಸ್ಟಾರ್ ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ಅದನ್ನು 365ರಿಂದ ಭಾಗಿಸಿ ನೋಡಿ, ಹೀಗೆ ಬದಲಿಸಿದ ಪೆಟ್ಟಿಗೆಗೂ ಅದಕ್ಕೂ ಬಹಳ ವ್ಯತ್ಯಾಸ ಇರುವುದಿಲ್ಲ. ಒಂದೇ ಗುಂಡಿಯಲ್ಲಿ ಫ್ರೀಜರ್ ಅಥವಾ ಕೂಲರ್ ಆಗುವ ಪೆಟ್ಟಿಗೆಗಳೂ ಮಾರುಕಟ್ಟೆಯಲ್ಲಿವೆ.

ಉಳಿತಾಯ ಎಲ್ಲಿಂದ ಬರುತ್ತದೆ ಎಂದು ಕೇಳಿದ್ದಿರಿ. ಹೊರಗೆ 26 ಡಿಗ್ರಿ, ಒಳಗೆ ಸೊನ್ನೆಗಿಂತ 18 ಕೆಳಗೆ ಇದ್ದರೆ ಅಂತರ 44. ಒಳಗೆ 4 ಇದ್ದರೆ ಅಂತರ 22. ಗೋಡೆಯ ಮೂಲಕ ನುಗ್ಗುವ ಶಾಖ ಅಲ್ಲಿಗೇ ಅರ್ಧ. ಒಳಗಿನ ಕೊಳವೆ ಅಷ್ಟು ತಣ್ಣಗಿರಬೇಕಿಲ್ಲವಾದ್ದರಿಂದ ಕಂಪ್ರೆಸರ್‌ನ ಪ್ರತಿ ಯೂನಿಟ್‌ಗೂ ಹೆಚ್ಚು ಕೆಲಸ ಆಗುತ್ತದೆ. ಮೇಲಾಗಿ ಫ್ರೀಜರ್‌ನ ಗೋಡೆ ಫ್ರಿಜ್‌ನದಕ್ಕಿಂತ ದಪ್ಪ.

ಹಾಲನ್ನು ಕರೆದ ಬಿಸಿಯಲ್ಲೇ ಒಳಗಿಡಬೇಡಿ. 35 ಡಿಗ್ರಿಯ ಹಾಲನ್ನು 5ಕ್ಕೆ ಇಳಿಸಲು 30 ಡಿಗ್ರಿಯ ಕೆಲಸ. ಬಾವಿಯ ನೀರಿನ ಬಾನಿಯಲ್ಲಿ ಪಾತ್ರೆ ಇಟ್ಟು ಕಲಕಿ 24ಕ್ಕೆ ತಂದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚನ್ನು ಬಾವಿಯೇ ಮಾಡಿಕೊಟ್ಟಂತೆ. ಹಾಲು ಕೆಡುವ ಹೊತ್ತೂ ಅದರಿಂದ ದೂರ ಹೋಗುತ್ತದೆ. ಮತ್ತೆ, ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಇನ್ವರ್ಟರ್ ಅದನ್ನು ತಾಳುತ್ತದೆಯೇ ಎಂದು ಬಿಸಿಲಿರುವಾಗಲೇ ಪರೀಕ್ಷೆ ಮಾಡಿ, ಕತ್ತಲೆ ರಾತ್ರಿಗೆ ಬಿಡಬೇಡಿ. ಅದೇ ಕಾರಣಕ್ಕೆ ಕಂಟ್ರೋಲರ್‌ನೊಳಗಿನ 10 ಆಂಪಿಯರ್ ರಿಲೇ, ಅಂದರೆ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್, ವರ್ಷಗಳ ಮೇಲೆ ಅಂಟಿಕೊಳ್ಳಬಹುದು. ಅಂಟಿದರೆ ಎಲ್ಲ ಕಲ್ಲಾಗುತ್ತದೆ. ಅದರ ಮುಂದೆ ಒಂದು ದೊಡ್ಡ ರಿಲೇ ಹಾಕಿಸಿ.

ಮರು ಉತ್ತರ: ಕೊಟ್ಟಿಗೆಮನೆ, ಸಿದ್ದಾಪುರ ತಾಲ್ಲೂಕು (ಆರು ವಾರಗಳ ನಂತರ)

ಮೂವರಿಗೂ ನನ್ನ ನಮಸ್ಕಾರ. ಇಷ್ಟು ಬಿಡಿಸಿ ಹೇಳುವವರು ನಮಗೆ ಇಲ್ಲಿ ಸಿಗುವುದಿಲ್ಲ. ಮಾಡಿದ್ದೇವೆ, ನಡೆಯುತ್ತಿದೆ.

ಜೋಡಣೆಯನ್ನು ನಮ್ಮ ಊರಿನ ಎಲೆಕ್ಟ್ರಿಷಿಯನ್ ಹುಡುಗನ ಕೈಯಲ್ಲಿ ಮಾಡಿಸಿದೆ. ಕುಂದಾಪುರದ ಅಣ್ಣ ಬರೆದ ಎಂಟು ಅಂಕಿಗಳನ್ನು ಕಾಗದದಲ್ಲಿ ಬರೆದುಕೊಟ್ಟಿದ್ದೆ. ನಮ್ಮ ಮನೆಯ ಅರ್ತಿಂಗ್ ಗುಂಡಿ ಒಣಗಿ ಏನೂ ಕೆಲಸ ಮಾಡುತ್ತಿರಲಿಲ್ಲ ಎಂಬುದು ಆಗಲೇ ಗೊತ್ತಾಯಿತು. ಅದನ್ನು ಹೊಸದಾಗಿ ಮಾಡಿಸಿದೆ. ಇಷ್ಟು ವರ್ಷ ಮಿಕ್ಸಿ, ಪಂಪು ಎಲ್ಲವನ್ನೂ ಹಾಗೇ ಮುಟ್ಟುತ್ತಿದ್ದೆವು ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ. ಬೀಗವನ್ನು ಮೊದಲ ದಿನವೇ ಬಿಚ್ಚಿದೆ, ಮೊಮ್ಮಗನಿಗೆ ನಾಲ್ಕು ವರ್ಷ.

ಮೊದಲ ವಾರ ಮೀಟರ್ ದಿನಕ್ಕೆ 0.58 ಯೂನಿಟ್ ತೋರಿಸಿತು. ಪೆಟ್ಟಿಗೆ ಗೋಡೆಗೆ ಒತ್ತಿಕೊಂಡಿತ್ತು, ಅದರ ಮೈ ಬಿಸಿಯಾಗುತ್ತಿತ್ತು. ಒಂದು ಗೇಣು ಈಚೆಗೆ ಎಳೆದೆ. ಹಾಲನ್ನು ಬಾವಿಕಟ್ಟೆಯ ಕಲ್ಲು ಬಾನಿಯಲ್ಲಿ ಅರ್ಧ ಗಂಟೆ ಇಟ್ಟು ಆಮೇಲೆ ತರುತ್ತೇನೆ. ಈಗ 0.5ರ ಆಸುಪಾಸಿನಲ್ಲಿದೆ. ಕಳೆದ ವಾರ ಹಲಸಿನ ಮರ ಲೈನಿನ ಮೇಲೆ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಪೆಟ್ಟಿಗೆಯನ್ನು ಆಫ್ ಮಾಡಿ ನೋಡಿದೆ. ತಳದ ಹಾಲು 4ರಿಂದ 6ಕ್ಕೆ ಏರಿತ್ತು, ಅಷ್ಟೇ. ತಳದಲ್ಲಿ ನೀರು ತುಂಬಿದ ನಾಲ್ಕು ಬಾಟಲಿ ಇಟ್ಟಿದ್ದೆ, ಅವೂ ತಂಪನ್ನು ಹಿಡಿದಿಟ್ಟವು ಎಂದು ತೋರುತ್ತದೆ. ಮೂರು ಬೆಳಿಗ್ಗೆಯೂ ಹೋಟೆಲಿಗೆ ಹಾಲು ಹೋಯಿತು, ಒಂದು ದಿನವೂ ಒಡೆಯಲಿಲ್ಲ.

ಮಡಿಕೇರಿಯವರ ಮಾತು ಅಕ್ಷರಶಃ ನಿಜವಾಯಿತು. ನಾನು ಒಂದೇ ಪಂಚೆ ಹಾಸಿದ್ದೆ, ಮೂರನೆಯ ದಿನಕ್ಕೇ ಹಿಂಡುವಷ್ಟು ನೀರು. ಈಗ ಎರಡು ಜೊತೆ ಇಟ್ಟುಕೊಂಡಿದ್ದೇನೆ. ಭಾನುವಾರ ಮತ್ತು ಗುರುವಾರ ಬದಲಿಸುವುದು. ಸೌತೆಕಾಯಿ ಎರಡು ವಾರ ನಿಲ್ಲುತ್ತದೆ, ಬಸಳೆ ಸೊಪ್ಪು ಮಾತ್ರ ಮೂರು ದಿನಕ್ಕೆ ಕಪ್ಪಾಗುತ್ತಿದೆ. ಬುಟ್ಟಿಯಲ್ಲಿಟ್ಟರೂ ಹಾಗೇ. ಬಸಳೆಗೆ ಏನು ಮಾಡುತ್ತೀರಿ, ಅಕ್ಕಾ?

ಉತ್ತರ: ಏಲಕ್ಕಿತೋಟ, ಮಡಿಕೇರಿ ಹತ್ತಿರ

ಬಸಳೆಯನ್ನು ಒಳಗಿಡಲೇಬೇಡಿ. ಅದಕ್ಕೆ ಆ ತಂಪು ಆಗದು. ಬಳ್ಳಿಯ ತುದಿಯನ್ನು ನೀರಿನ ಚೊಂಬಿನಲ್ಲಿ ನಿಲ್ಲಿಸಿ ಅಡಿಗೆಮನೆಯ ಕಿಟಕಿಯಲ್ಲಿಡಿ. ನಮ್ಮಲ್ಲಿ ಐದು ದಿನ ಚೆನ್ನಾಗಿರುತ್ತದೆ.