ಬೆಂಗಳೂರಿಗೆ ಹೊರಟ ಮಗಳ ಕೈಯಲ್ಲಿ ಎಷ್ಟು ಹಣವಿರಬೇಕು?

ತೀರ್ಥಹಳ್ಳಿಯ ಅಡಿಕೆ ಬೆಳೆಗಾರ:
ಮಗಳಿಗೆ ವೈಟ್‌ಫೀಲ್ಡಿನಲ್ಲಿ ಕೆಲಸ ಸಿಕ್ಕಿದೆ. ಸಂಬಳ ತಿಂಗಳಿಗೆ 28,000 ರೂಪಾಯಿ. ಬಾವಿಯ ನೀರು, ಗದ್ದೆಯ ಅಕ್ಕಿ, ಹಿತ್ತಲಿನ ತರಕಾರಿಯಲ್ಲೇ ನಡೆಯುವ ನಮ್ಮ ಮನೆಯಲ್ಲಿ ತಿಂಗಳ ಖರ್ಚಿನ ಲೆಕ್ಕ ಬರೆದಿಟ್ಟ ರೂಢಿಯಿಲ್ಲ. ಕೊಳೆರೋಗದಿಂದ ಈ ಸಲ ಫಸಲೂ ಕಡಿಮೆ. ಮನೆ ಬಾಡಿಗೆಗೆ ಹಿಡಿಯುವುದು ಒಳ್ಳೆಯದೋ, ಪಿಜಿಯೋ? ತಿಳಿದವರು ದಯವಿಟ್ಟು ತಿಳಿಸಬೇಕು.

ಸಾಗರದವನು, 12 ವರ್ಷಗಳಿಂದ ಬೆಂಗಳೂರಿನಲ್ಲಿ:
ಮೊದಲ ವರ್ಷ ಪಿಜಿಯೇ ಸರಿ. ಹೊಸಬರನ್ನು ಕುಗ್ಗಿಸುವುದು ಬಾಡಿಗೆಗಿಂತ ಹೆಚ್ಚಾಗಿ ಅಡ್ವಾನ್ಸ್. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಮುಂಗಡವೆಂದು ಹೇಳಿದ್ದರೂ, ಇಲ್ಲಿ ಐದಾರು ತಿಂಗಳಿನದನ್ನು ಕೇಳುವುದು ಸಾಮಾನ್ಯ. ಹತ್ತು ತಿಂಗಳಿನದನ್ನು ಕೇಳುವವರೂ ಇದ್ದಾರೆ. 15,000 ರೂಪಾಯಿ ಬಾಡಿಗೆಯ ಮನೆಗೆ ಆರು ತಿಂಗಳ ಅಡ್ವಾನ್ಸ್ 90,000. ಅದರ ಮೇಲೆ ಬ್ರೋಕರಿಗೆ ಒಂದು ತಿಂಗಳಿನದು, ಮೊದಲ ತಿಂಗಳ ಬಾಡಿಗೆ ಬೇರೆ. ಗ್ಯಾಸ್ ಒಲೆ, ಪಾತ್ರೆ ಕೊಳ್ಳುವ ಮೊದಲೇ 1,20,000 ಕೈಬಿಟ್ಟಿರುತ್ತದೆ. ನನ್ನ ಮೊದಲ ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಮಾಲೀಕರು ಎರಡು ತಿಂಗಳ ಬಾಡಿಗೆ ಮುರಿದುಕೊಂಡರು. ಸುಣ್ಣಬಣ್ಣಕ್ಕೆ ಎಷ್ಟು ಮುರಿಯಬಹುದೆಂದು ಕರಾರು ಪತ್ರದಲ್ಲಿ ಬರೆಸಿರಲಿಲ್ಲವಾದ್ದರಿಂದ ವಾದಿಸಲು ನನಗೆ ಆಧಾರವೇ ಇರಲಿಲ್ಲ. ಮುಂದೆ ಮನೆ ಹಿಡಿದಾಗ ಇದನ್ನು ಮರೆಯಬೇಡಿ.

ಹೊಸನಗರದವಳು, ಪಿಜಿ ವಾಸಿ:
ನಮಸ್ಕಾರ ಅಂಕಲ್. 28,000ದಲ್ಲಿ ಕೈಗೆ ಬರುವುದೆಷ್ಟೆಂದು ಮೊದಲು ಕೇಳಿಸಿ. ಭವಿಷ್ಯ ನಿಧಿಯ ಜೊತೆಗೆ ವೃತ್ತಿ ತೆರಿಗೆಯೂ ತಿಂಗಳಿಗೆ 200 ರೂಪಾಯಿ, ಫೆಬ್ರುವರಿಯಲ್ಲಿ 300 ರೂಪಾಯಿ ಕಡಿತವಾಗುತ್ತದೆ. ಇಬ್ಬರಿರುವ ಕೋಣೆಗೆ ಊಟ ಸೇರಿ ನಾನು 9,500 ಕೊಡುತ್ತಿದ್ದೇನೆ, ಕಚೇರಿಗೆ ನಡೆದೇ ಹೋಗುತ್ತೇನೆ. ಎರಡು ಸಾವಿರ ಉಳಿಸಲು ದೂರದಲ್ಲಿ ಕೋಣೆ ಹಿಡಿದ ನನ್ನ ಗೆಳತಿ ದಿನಕ್ಕೆ ಮೂರು ಗಂಟೆ ರಸ್ತೆಯಲ್ಲೇ ಕಳೆಯುತ್ತಾಳೆ. 2025ರ ಫೆಬ್ರುವರಿಯಲ್ಲಿ ದರ ಏರಿ ಮೆಟ್ರೊದ ಗರಿಷ್ಠ ಟಿಕೆಟ್ 90 ರೂಪಾಯಿ ಆಯಿತು. ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸು ನಮಗೆ ಉಚಿತ, ಎಸಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ.

ತಿಂಗಳ ಮಧ್ಯದಲ್ಲಿ ಸೇರಿದ ನನಗೆ ಮೊದಲ ಸಂಬಳ ಬರಲು ನಲವತ್ತೈದು ದಿನ ಹಿಡಿಯಿತು. ಆ ದಿನಗಳಿಗೆಂದೇ 35,000 ರೂಪಾಯಿ ಜೊತೆಗಿರಲಿ. ಅಪ್ಪೆಮಿಡಿ ಉಪ್ಪಿನಕಾಯಿಯನ್ನೂ ಕಟ್ಟಿಕೊಡಿ, ಇಲ್ಲಿನ ಸಾರು-ಅನ್ನಕ್ಕೆ ಅದು ಬೇಕೇಬೇಕು.

ತೀರ್ಥಹಳ್ಳಿಯ ಅಡಿಕೆ ಬೆಳೆಗಾರ:
ಇಬ್ಬರಿಗೂ ಧನ್ಯವಾದಗಳು. ಅಷ್ಟನ್ನು ಹೊಂದಿಸಬಲ್ಲೆ. ಪಿಜಿಯ ಅಡ್ವಾನ್ಸ್ ಹಿಂದಿರುಗಿಸುತ್ತಾರೆಯೇ?

ಹೊಸನಗರದವಳು:
ಒಂದು ತಿಂಗಳು ಮುಂಚೆ ಬರವಣಿಗೆಯಲ್ಲಿ ತಿಳಿಸಿದರೆ, ನಿರ್ವಹಣೆಯ ಮೊತ್ತ ಮುರಿದು ಉಳಿದದ್ದನ್ನು ನಮ್ಮಲ್ಲಿ ಕೊಡುತ್ತಾರೆ. ಹಣ ಕಟ್ಟಿದ ದಿನವೇ ರಸೀದಿ ಪಡೆಯಲು ಅವಳಿಗೆ ಹೇಳಿ.