ಸ್ಪೈವೇರ್‌ಗೆ ಕನ್ನಡದಲ್ಲಿ ಏನನ್ನೋಣ? ನಾಳೆ ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ಇಂಟರ್ನೆಟ್ ಬಳಸುವವರಿಗಾಗಿ ಒಂದು ಪುಟದ ಕರಪತ್ರ ಅನುವಾದಿಸುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಎರಡು ಪದ ಕೈ ಕೊಟ್ಟಿವೆ: ಸ್ಪೈವೇರ್ ಮತ್ತು ಪ್ರೈವೆಸಿ. ಸದ್ಯದ ತಲೆಬರಹ ಹೀಗಿದೆ: "ಗೂಢಚಾರಿ ತಂತ್ರಾಂಶದಿಂದ ನಿಮ್ಮ ಗೌಪ್ಯತೆಯನ್ನು ರಕ್ಷಿಸಿಕೊಳ್ಳಿ". ಸುತ್ತೋಲೆ ಓದಿದ ಹಾಗಿದೆ, ಅಲ್ವಾ? ಒಳಗಿರುವುದು ಸರಳ ವಿಷಯ. ಪುಕ್ಕಟೆ ಆಟದ ಜೊತೆ ನುಸುಳಿ ಬರುವ ಸಾಫ್ಟ್‌ವೇರ್. ಅದು ನಾವು ಒತ್ತುವ ಕೀಲಿಗಳನ್ನೆಲ್ಲ ಬರೆದಿಟ್ಟುಕೊಂಡು ಪಾಸ್‌ವರ್ಡ್ ಸಾಗಿಸುತ್ತದೆ. ಕ್ಯಾಮೆರಾ, ಮೈಕಿಗೂ ಕೈ ಹಾಕುತ್ತದೆ. ಕುತಂತ್ರಾಂಶ ಅನ್ನೋಣವೆಂದರೆ ಅದು ಆಗಲೇ ಕೇಡು ಮಾಡುವ ಸಾಫ್ಟ್‌ವೇರ್‌ಗೆಲ್ಲ ಒಟ್ಟಾರೆ ಹೆಸರಾದ ಮಾಲ್‌ವೇರ್‌ಗೆ ಹೋಗಿಬಿಟ್ಟಿದೆ.
– ಸು.

ಮೊದಲು "ಗೌಪ್ಯತೆ" ತೆಗೆಯಿರಿ. ಗೋಪ್ಯತೆ ಅನ್ನಿ, ಇಲ್ಲವೇ ಗೌಪ್ಯ ಅನ್ನಿ. ಗೌಪ್ಯವೇ ಭಾವನಾಮ, ಅದಕ್ಕೆ ಮತ್ತೆ "ತೆ" ಅಂಟಿಸಿದರೆ ಪ್ರಾಮುಖ್ಯತೆ, ಸೌಂದರ್ಯತೆಯ ಸಾಲಿಗೆ ಇನ್ನೊಂದು. ಫೋನಿನಲ್ಲೆಲ್ಲ ಹಾಗೇ ಇದೆ ಎಂಬ ಸಮಜಾಯಿಷಿ ಬೇಡ.
– ರಾ. ಭ.

ಸ್ಪೈಗೆ ನಮ್ಮದೇ "ಬೇಹು" ಇರುವಾಗ ಗೂಢಚಾರಿ ಯಾಕೆ? ತಮಿಳಿನಲ್ಲಿ ವೇವು, ತೆಲುಗಿನಲ್ಲಿ ವೇಗು. ಅಲ್ಲಿಯ ವಕಾರ ಇಲ್ಲಿ ಬಕಾರ. ವೇಲಿ ಬೇಲಿಯಾದ ಹಾಗೆ, ವೇರ್ ಬೇರಾದ ಹಾಗೆ. "ಬೇಹುತಂತ್ರಾಂಶ" ಎಂದು ಹಾಕಿ, ಮುಗಿಯಿತು.
– ನಾ.

ವೇರ್ ಬೇರಾಗುವುದಾದರೆ ಸ್ಪೈವೇರ್ ಅಂದರೆ ಸ್ಪೈಬೇರು! ಕೀಳುವುದು ಕಷ್ಟ ಅನ್ನುವ ಅರ್ಥವೂ ಬಂತು.
– ಗಿ.

ತಮಾಷೆ ಆಮೇಲೆ. ಬೇಹುತಂತ್ರಾಂಶ ಅರಿಸಮಾಸ: ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸುವ ತಪ್ಪು.
– ರಾ. ಭ.

ಬಿರುದುಗಳಲ್ಲಿ ಅದನ್ನು ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಬಿಟ್ಟುಕೊಟ್ಟಿದ್ದಾನೆ. ಇದನ್ನೂ ಕಳ್ಳನಿಗೆ ಕೊಟ್ಟ ಬಿರುದು ಅಂದುಕೊಳ್ಳಿ. ಅಷ್ಟೂ ಮಡಿ ಬೇಕಿದ್ದರೆ "ಬೇಹುಕ" ಅನ್ನಿ.
– ನಾ.

ಬೇಹುಕ ಅಂತ ಬರೆದರೆ ಜನ ಬೇಕೂಫ ಅಂತ ಓದಿಕೊಳ್ಳುತ್ತಾರೆ.
– ಗಿ.

ನಾನು ಹೊಸಬರಿಗೆ ಕಂಪ್ಯೂಟರ್ ಹೇಳಿಕೊಡುವವಳು. ನಿಮ್ಮ ಜಗಳ ಇರೋದು ಸ್ಪೈವೇರ್ ಮೇಲೆ, ನಿಜವಾದ ತೊಂದರೆ ಇರೋದು ಇನ್ನೊಂದು ಪದದಲ್ಲಿ. ತರಗತಿಯಲ್ಲಿ ಗೌಪ್ಯತೆ ಅಂದ ಕೂಡಲೇ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ನಂದೇನು ಗುಟ್ಟಿಲ್ಲ ಮೇಡಂ, ನೋಡಿಕೊಳ್ಳಲಿ ಬಿಡಿ." ಗೋಪ್ಯತೆ ಅಂತ ತಿದ್ದಿದರೂ ಅದೇ ಉತ್ತರ. ಅವರ ತಪ್ಪಲ್ಲ, ಆ ಪದದಲ್ಲೇ ಗುಟ್ಟು ಕೂತಿದೆ. ನಾವು ಸ್ನಾನಕ್ಕೆ ಹೋದಾಗ ಬಾಗಿಲು ಹಾಕಿಕೊಳ್ಳುತ್ತೇವೆ. ಒಳಗೆ ಏನು ಮಾಡುತ್ತಿದ್ದೇವೆ ಅನ್ನೋದು ಗುಟ್ಟೇ? ಎಲ್ಲರಿಗೂ ಗೊತ್ತು. ಆದರೂ ಬಾಗಿಲು ಬೇಕು. ಪ್ರೈವೆಸಿ ಅಂದರೆ ಆ ಬಾಗಿಲು. ಅದಕ್ಕೆ ನಾನು ಖಾಸಗಿತನ ಅನ್ನುತ್ತೇನೆ. ಆಗ ಕೂಡಲೇ ಪ್ರಶ್ನೆಗಳು ಶುರು: ಟಾರ್ಚ್ ಆ್ಯಪ್‌ಗೆ ನನ್ನ ಕಾಂಟ್ಯಾಕ್ಟ್ಸ್ ಯಾಕೆ ಬೇಕು? ನನ್ನ ಫೋನಿಗೆ ಸ್ಪೈವೇರ್ ಹಾಕಿದ್ದು ಮನೆಯವರೇ ಆಗಿದ್ದರೆ? (ಆಗುತ್ತೆ. ಎಷ್ಟೋ ಸಲ ಹೊರಗಿನ ಕಳ್ಳನೇ ಬೇಕಿಲ್ಲ.)
– ಶಾ.

ಖಾಸಗಿ ಪಾರಸಿ ಕಡೆಯಿಂದ ಬಂದದ್ದು. ಒಂದು ಎರವಲು ಬಿಟ್ಟು ಇನ್ನೊಂದು ಎರವಲಿಗೆ ಬಿದ್ದ ಹಾಗಾಯಿತು.
– ನಾ.

ಹಾಗಾದರೆ ಅರ್ಜಿ, ಜಮೀನು, ಕಾನೂನು ಎಲ್ಲವನ್ನೂ ವಾಪಸ್ ಕೊಟ್ಟುಬಿಡಿ. "ವಾಪಸ್" ಕೂಡ.
– ಗಿ.

ಬಂದವು ಬರಲಿ, ಹೊಸದಾಗಿ ಕರೆಯುವುದು ಬೇಡ ಅಂದೆ. ನಾಳೆ ನಿಮ್ಮ ಮಕ್ಕಳಿಗೆ ಬೇಹು ಅಂದರೆ ಗೊತ್ತಿರುವುದಿಲ್ಲ. ಆಗ ನಗಿರಿ.
– ನಾ.

ಖಾಸಗಿಯನ್ನು ಯಾರೂ ಹೊಸದಾಗಿ ಕರೆದಿಲ್ಲ, ಅದು ಯಾವತ್ತೋ ಮನೆಯೊಳಗೆ ಬಂದು ಕೂತಿದೆ. ಇನ್ನು ಇಂಗ್ಲಿಷ್‌ನಲ್ಲೂ ಸ್ಪೈವೇರ್ ವ್ಯಾಕರಣ ಕೇಳಿ ಹುಟ್ಟಿದ್ದಲ್ಲ. 1995ರಲ್ಲಿ ಮೈಕ್ರೋಸಾಫ್ಟ್‌ನ ವ್ಯಾಪಾರದ ರೀತಿಯನ್ನು ಗೇಲಿ ಮಾಡಿದ ಒಂದು ಯೂಸ್‌ನೆಟ್ (ಆಗಿನ ಆನ್‌ಲೈನ್ ಚರ್ಚಾಕಟ್ಟೆ) ಬರಹದಲ್ಲಿ ಅದು ಕಾಣಿಸಿಕೊಂಡಿತು. ಈಗಿನ ಅರ್ಥ ಊರಿದ್ದು 2000ದ ಸುಮಾರಿಗೆ. ಗೇಲಿಯ ಪದಕ್ಕೆ ಸಮಾಸದ ಮಡಿ ಯಾಕೆ? ಇನ್ನೊಂದು ಮಾತು. ಆ್ಯಂಟಿವೈರಸ್ ಎಚ್ಚರಿಕೆ ಕೊಡುವಾಗ ಪರದೆ ಮೇಲೆ ಬರೋದು ಸ್ಪೈವೇರ್ ಅಂತಲೇ. ಕರಪತ್ರದಲ್ಲಿ ಆ ಪದ ಒಮ್ಮೆಯಾದರೂ ಇರದಿದ್ದರೆ ಓದಿದವರಿಗೆ ಎರಡೂ ಒಂದೇ ಅಂತ ಗೊತ್ತಾಗೋದು ಹೇಗೆ?
– ಶಾ.

ಎಲ್ಲರಿಗೂ ಥ್ಯಾಂಕ್ಸ್. ತಲೆಬರಹ ಹೀಗೆ ಮಾಡಿದೆ: "ನಿಮ್ಮ ಫೋನಿನಲ್ಲಿ ಬೇಹುಗಾರ ಕೂತಿದ್ದಾನಾ? ಖಾಸಗಿತನ ಕಾಪಾಡಿಕೊಳ್ಳಿ". ಒಳಗೆ ಮೊದಲ ಸಲ "ಬೇಹುಗಾರಿಕೆ ಮಾಡುವ ಸಾಫ್ಟ್‌ವೇರ್, ಅಂದರೆ ಸ್ಪೈವೇರ್", ಆಮೇಲೆ ಬರೀ ಸ್ಪೈವೇರ್. ಅಚ್ಚಿಗೆ ಕಳಿಸಿಯೂ ಆಯಿತು. ಮುಂದಿನ ಪುಟದಲ್ಲಿ "ಕುಕಿ" ಇದೆ, ಅದನ್ನೂ ಕೇಳಲಾ?
– ಸು.

ಬೇಡ.
– ರಾ. ಭ.